ಅಣ್ಣಾಸಾಹೇಬರ ಬಡಿಗಿ ನನ್ನ ಮನೆಯಲ್ಲಿ

ಮೂರು ದಿನದಿಂದ ನನ್ನ ಅಂಗೈಗೆ ಗಂಧದ ವಾಸನೆ ಬರುತ್ತಿದೆ. ನಾನು ಗಂಧ ಹಚ್ಚುವವನಲ್ಲ. ನಮ್ಮದು ವಿಭೂತಿಯ ಮನೆ. ಸಾಬೂನು ಹಚ್ಚಿ ತೊಳೆದೆ, ನಿಂಬೆಹಣ್ಣಿನ ಹೋಳು ತಿಕ್ಕಿದೆ, ನಮ್ಮ ಮನೆಯವಳು ಪಾತ್ರೆ ತಿಕ್ಕುವ ಪುಡಿಯನ್ನೂ ಬಿಡಲಿಲ್ಲ. ತೊಳೆದ ಕೂಡಲೇ ಹೋಗುತ್ತದೆ. ಒಂದು ತಾಸು ಬಿಟ್ಟು ಅಂಗೈಯನ್ನು ಮೂಗಿನ ಹತ್ತಿರ ತಂದರೆ, ಸಂತೆಗೆ ಹೋಗಿ ಬಂದವರ ಹಾಗೆ ಮರಳಿ ಬಂದು ಕೂತಿರುತ್ತದೆ. ಮೂವತ್ತೊಂದು ವರ್ಷ ಹುಡುಗರಿಗೆ ಗಣಿತ ಕಲಿಸಿದ ಮಾಸ್ತರ ಹೀಗೆ ತನ್ನ ಕೈ ತಾನೇ ಮೂಸುತ್ತ ಪಡಸಾಲೆಯಲ್ಲಿ ಕೂತಿದ್ದಾನೆಂದರೆ ನಿಮಗೆ ನಗು ಬರಬಹುದು. ನಗಿರಿ. ಮೊದಲ ದಿನ ನನಗೂ ನಗು ಬಂದಿತ್ತು.

ವಾಸನೆ ಎಲ್ಲಿಯದೆಂಬುದು ನನಗೆ ಗೊತ್ತಿದೆ. ಬಾಗಿಲ ಹಿಂದೆ ಒಂದು ಕೋಲು ನಿಂತಿದೆ. ಗಾಲ್ಫ್ ಆಟದಲ್ಲಿ, ಚೆಂಡು ದೂರದಿಂದ ಹಾರಿ ಬಂದು ಕುಣಿಯ ಹತ್ತಿರ ಬಿದ್ದ ಮೇಲೆ, ಅದನ್ನು ಮೆಲ್ಲಗೆ ತಳ್ಳಿ ಒಳಗೆ ಕಳಿಸಲು ಬೇರೆಯೇ ಒಂದು ಕೋಲು ಇರುತ್ತದೆ. ಪಟರ್ ಎನ್ನುತ್ತಾರೆ. ಅದರ ಒಡೆಯರಾದ ಅಣ್ಣಾಸಾಹೇಬರು ಮಾತ್ರ, ನಮ್ಮ ಕಡೆ ಯಾವ ಕೋಲಿಗೂ ಅನ್ನುವ ಹಾಗೆ, ಅದನ್ನು ಬಡಿಗಿ ಎಂದೇ ಕರೆಯುತ್ತಿದ್ದರು. ಹಿತ್ತಾಳೆಯ ತಲೆ, ಉಕ್ಕಿನ ಕಾಲು. ಹಿಡಿಯ ರಬ್ಬರು ಯಾವಾಗಲೋ ಹರಿದುಹೋಗಿತ್ತು. ಚರ್ಮ ಸುತ್ತಿಸೋಣವೆಂದರೆ ಅಣ್ಣಾಸಾಹೇಬರು ಚರ್ಮ ಮುಟ್ಟದ ಜೈನರು. ಹೀಗಾಗಿ ಇಚಲಕರಂಜಿಯ ಮಗ್ಗದ ನೂಲನ್ನೇ ಒತ್ತಾಗಿ ಸುತ್ತಿಸಿದ್ದರು. ದಿನಾ ಬೆಳಿಗ್ಗೆ ಬಸದಿಯ ಪೂಜೆ ಮುಗಿಸಿ, ಗಂಧದ ಬೆರಳಿನಿಂದಲೇ ಅದನ್ನು ಹಿಡಿಯುತ್ತಿದ್ದುದರಿಂದ ಆ ನೂಲು ಇಪ್ಪತ್ತು ವರ್ಷದ ಗಂಧ ಕುಡಿದಿದೆ. ಇಲ್ಲಿಯವರೆಗೆ ಲೆಕ್ಕ ಸರಿಯಾಗಿದೆ. ಆದರೆ ನಾನು ಆ ಕೋಲನ್ನು ಮುಟ್ಟಿ ಮೂರು ದಿನವಾಯಿತು. ಲೆಕ್ಕ ತಪ್ಪುವುದು ಅಲ್ಲಿ.

ಅಣ್ಣಾಸಾಹೇಬರು ದಾನೋಳಿಯವರು. ಊರಲ್ಲಿ ಮನೆತನದ ಕಬ್ಬಿನ ಹೊಲ, ಇಚಲಕರಂಜಿಯಲ್ಲಿ ನೂಲಿನ ವ್ಯಾಪಾರ. ಅವರ ಮಗಳು ನನ್ನ ಕೈಯಲ್ಲಿ ಕಲಿತವಳು. ಮಗಳ ಗಣಿತ ಹೇಗಿದೆಯೆಂದು ವಿಚಾರಿಸಲು ಶಾಲೆಗೆ ಬಂದವರು ಒಂದು ತಾಸು ಕೂತು, ಗಣಿತ ಬಿಟ್ಟು ಉಳಿದದ್ದನ್ನೆಲ್ಲ ಮಾತಾಡಿ ಹೋದರು. ಸ್ನೇಹ ಹಾಗೆ ಶುರುವಾಯಿತು. ಆಗ ಅವರು ವ್ಯಾಪಾರಸ್ಥರ ಜೊತೆ ಕೊಲ್ಲಾಪುರಕ್ಕೆ ಹೋಗಿ ಗಾಲ್ಫ್ ಆಡಿಬರುತ್ತಿದ್ದರು. ಮೊಣಕಾಲು ಹಿಡಿದುಕೊಂಡ ಮೇಲೆ ಅಷ್ಟು ದೂರ ನಡೆಯುವುದು ನಿಂತಿತು. ಆಟದ ಹುಚ್ಚು ನಿಲ್ಲಲಿಲ್ಲ. ಹೊಲದ ನಟ್ಟನಡುವೆ, ನಾಲ್ಕೂ ಕಡೆ ಕಬ್ಬು ಬಿಟ್ಟು, ದೊಡ್ಡದೊಂದು ಅಂಗಳದಷ್ಟು ಜಾಗದಲ್ಲಿ ಹುಲ್ಲು ಬೆಳೆಸಿದರು. ಆರು ಕುಣಿ ತೋಡಿಸಿ ಒಂದೊಂದರಲ್ಲೂ ಒಂದು ತಗಡಿನ ಡಬ್ಬಿ ಹೂಳಿಸಿದರು. ಊರವರು ಅದನ್ನು ಮೇವೆಂದು ತಿಳಿದು, ಇಷ್ಟು ಗಿಡ್ಡ ಮೇವನ್ನು ಯಾವ ಎಮ್ಮೆ ತಿಂದೀತೆಂದು ಮರುಗಿದರು.

ದೂರ ಹೊಡೆಯುವ ಆಟ ಹೋಗಿ, ಹತ್ತಿರದಿಂದ ತಳ್ಳುವ ಆಟವಷ್ಟೇ ಉಳಿಯಿತು. ಅದಕ್ಕೊಬ್ಬ ಜೊತೆಗಾರ ಬೇಕಲ್ಲ. ಪ್ರತಿ ರವಿವಾರ ನಾನು ಬಸ್ಸು ಹಿಡಿದು ದಾನೋಳಿಗೆ ಹೋಗತೊಡಗಿದೆ. ನನಗೂ ಒಂದು ಕೋಲು ಕೊಟ್ಟರು. ವರ್ಷಗಟ್ಟಲೆ ಆಡಿದೆ, ವರ್ಷಗಟ್ಟಲೆ ಸೋತೆ. ನನ್ನ ಚೆಂಡು ಕುಣಿಯ ಅಂಚಿನವರೆಗೆ ಹೋಗಿ, ಮಾವನ ಮನೆಯ ಹೊಸ್ತಿಲಲ್ಲಿ ನಿಂತ ಅಳಿಯನ ಹಾಗೆ ಕರೆಯಲೆಂದು ಕಾಯುತ್ತ ನಿಂತುಬಿಡುತ್ತಿತ್ತು. ಮಳೆಗಾಲದ ನಾಲ್ಕು ತಿಂಗಳು ಆಟ ಬಂದ್. ಚಾತುರ್ಮಾಸದಲ್ಲಿ ಹುಲ್ಲಿನೊಳಗೆ ಕಣ್ಣಿಗೆ ಕಾಣದ ಜೀವ ಇರುತ್ತವೆಂದು ಅಣ್ಣಾಸಾಹೇಬರು ಅದರ ಮೇಲೆ ಕಾಲಿಡುತ್ತಿರಲಿಲ್ಲ. ದೀಪಾವಳಿ ಮುಗಿದರೆ ಮತ್ತೆ ಶುರು.

ಆಟದ ಹೊತ್ತೆಂದರೆ ಮಟಮಟ ಮಧ್ಯಾಹ್ನ. ಬೆಳಿಗ್ಗೆ ಅವರ ಪೂಜೆ, ಸಂಜೆ ಹೊತ್ತು ಮುಳುಗುವ ಮುನ್ನ ಅವರ ಊಟ, ಆಮೇಲೆ ನನ್ನ ಬಸ್ಸು. ನಡುವೆ ಉಳಿದದ್ದು ಅಷ್ಟೇ. ಆಳೆತ್ತರದ ಕಬ್ಬಿನ ನಡುವೆ ನೀವು ಆ ಹೊತ್ತಿನಲ್ಲಿ ಎಂದಾದರೂ ನಿಂತಿದ್ದೀರಾ? ಗಾಳಿ ಇರುವುದಿಲ್ಲ. ಆದರೂ ಒಳಗೆಲ್ಲೋ ಗರಿ ಗರಿಗೆ ತಾಗಿ, ಯಾರೋ ಹೊಸ ಸೀರೆ ಉಟ್ಟು ಓಡಾಡಿದ ಸಪ್ಪಳ ಬರುತ್ತದೆ. ಆ ಸಪ್ಪಳದ ಕಡೆ ತಿರುಗಿದರೆ ನಿಲ್ಲುತ್ತದೆ. ನಾವಿಬ್ಬರೂ ಅದರ ಬಗ್ಗೆ ಎಂದೂ ಮಾತಾಡಿದವರಲ್ಲ. ಇಬ್ಬರೂ ತಿರುಗಿ ನೋಡುತ್ತಿದ್ದೆವು ಅನ್ನುವುದು ಮಾತ್ರ ಇಬ್ಬರಿಗೂ ಗೊತ್ತಿತ್ತು.

ಅಣ್ಣಾಸಾಹೇಬರು ಆಡುವುದನ್ನು ನೋಡಬೇಕಿತ್ತು ನೀವು. ಎಡಗಾಲು ಅರ್ಧ ಹೆಜ್ಜೆ ಹೊರಗೆ ಹಾಕುವರು. ಹೆಬ್ಬೆರಳಿನಿಂದ ನೂಲನ್ನು ಎರಡು ಸಲ ಸವರುವರು. ಗಂಟಲಲ್ಲಿ ಒಂದು ಸಣ್ಣ ಕೆಮ್ಮು, ಸಭೆಯಲ್ಲಿ ಮಾತು ಶುರು ಮಾಡುವವರ ಕೆಮ್ಮು. ಆಮೇಲೆ ತಳ್ಳುವರು. ತಳ್ಳಿದ ಮೇಲೆ ತಲೆ ಎತ್ತುವುದಿಲ್ಲ. ಚೆಂಡು ಹೋಗಿ ಡಬ್ಬಿಯಲ್ಲಿ ಟಣ್ಣೆನ್ನುವವರೆಗೆ ನೆಲವನ್ನೇ ನೋಡುತ್ತ ನಿಂತಿರುವರು.

"ತಲಿ ಎತ್ತಿ ನೋಡ್ರಲ್ಲಾ, ಎಲ್ಲಿ ಹೋತು ಅಂತ" ಎಂದು ನಾನು ಚೇಷ್ಟೆ ಮಾಡಿದರೆ, "ಕಣ್ಣಿಗೆ ಏನ ಕೆಲಸ ಐತ್ರಿ ಮಾಸ್ತರ? ಕಿವೀಲೆ ನೋಡ್ರಿ" ಅನ್ನುವರು. ಆ ಟಣ್ಣೆಂಬ ಸಪ್ಪಳ ಹತ್ತರಲ್ಲಿ ಒಂಬತ್ತು ಸಲ ಬಂದೇ ಬರುತ್ತಿತ್ತು. ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಈಗ ಹೇಳಿಕೊಳ್ಳಲು ನಾಚಿಕೆಯಿಲ್ಲ: ಅವರ ಹೊಲ, ಮನೆ, ವ್ಯಾಪಾರ ಯಾವುದರ ಮೇಲೂ ಆಸೆಪಡದ ನಾನು ಆ ಒಂದು ಸಪ್ಪಳಕ್ಕೆ ಆಸೆಪಟ್ಟೆ.

ಹೋದ ವರ್ಷದ ಹಿಂದಿನ ದೀಪಾವಳಿ ಮುಗಿಸಿ ಹುಲ್ಲಿನ ಮೇಲೆ ಇಳಿದಾಗ ಸಪ್ಪಳ ಬರಲಿಲ್ಲ. ಎರಡು ಮೊಳದ ದೂರದಿಂದ ಅಣ್ಣಾಸಾಹೇಬರ ಚೆಂಡು ಕುಣಿಯನ್ನು ದಾಟಿ ಹೋಯಿತು. ಅವರು ತಲೆ ಬಗ್ಗಿಸಿ ಕಾಯುತ್ತ ನಿಂತೇ ಇದ್ದರು. ಕೊನೆಗೆ ನಾನೇ "ಹೋತ್ರಿ" ಅಂದೆ. ಮುಂದಿನ ವಾರವೂ ಹಾಗೇ ಆಯಿತು. ಅಷ್ಟರಲ್ಲಿ ಪುಣೆಯಲ್ಲಿರುವ ಅವರ ಅಳಿಯ ಹೊಸ ಪಟರ್ ತಂದುಕೊಟ್ಟ. ಇಸ್ತ್ರಿಪೆಟ್ಟಿಗೆಯಂಥ ದೊಡ್ಡ ತಲೆ, ಅದರ ಮೇಲೆ ಮೂರು ಬಿಳಿ ಗೆರೆ, ಕೈಗೆ ಮೆತ್ತಗೆ ಹತ್ತುವ ಹಿಡಿ. ಚೆಂದವಿತ್ತು. ಅಣ್ಣಾಸಾಹೇಬರು ಅದನ್ನು ಹಿಡಿದು, ಹೊಸ ಸೊಸೆಯ ಮುಂದೆ ಕೂತ ಮಾವನ ಹಾಗೆ ಮೌನವಾದರು.

ಎಷ್ಟು ದಿನ ನೋಡಬೇಕು, ಒಗ್ಗದಿದ್ದರೆ ಯಾವಾಗ ಹಳೆಯದಕ್ಕೆ ಮರಳಬೇಕು? ಅವತ್ತು ಪಡಸಾಲೆಯಲ್ಲಿ ಅದೇ ಚರ್ಚೆ. ಅಳಿಯ ಮರಾಠಿಯಲ್ಲಿ, "ದಹಾ ದಿವಸ ಬಘಾ ಅಣ್ಣಾ, ನಾಹೀತರ ಜುನಾಚ ಘ್ಯಾ" ಅಂದ. ಹತ್ತು ದಿನ ನೋಡುವುದಂತೆ, ಆಗದಿದ್ದರೆ ಹಳೆಯದನ್ನೇ ಹಿಡಿಯುವುದಂತೆ. ನಾನು, ಹೊಸ ಶಾಲೆಗೆ ಬಂದ ಹುಡುಗನ ಹಣೆಬರಹ ಹತ್ತು ದಿನಕ್ಕೆ ಹೇಳಲಾಗದು, ಒಂದು ಪರೀಕ್ಷೆಯಾದರೂ ಆಗಬೇಕು ಅಂದೆ. ಅಣ್ಣಾಸಾಹೇಬರು ಇಬ್ಬರ ಮಾತನ್ನೂ ಕೇಳಿ ತಲೆ ಅಲ್ಲಾಡಿಸಿದರು.

"ಹಳೇದು ಮೂಲ್ಯಾಗ ಐತಿ ಅಂತ ಗೊತ್ತಿದ್ರ ಕೈ ಅದರ ಕಡೇನ ಎಳೀತೈತಿ. ದಿನಾ ಎಣಿಸಿದ್ರ ಆಗೂದಿಲ್ಲ. ನಿಯಮ ತಗೋಬೇಕು."

ನಿಯಮವೆಂದರೆ ಗೊತ್ತಲ್ಲ. ಜೈನರ ಮನೆಗಳಲ್ಲಿ ದೇವರ ಮುಂದೆ ನಿಂತು, ಇಂಥ ದಿನದವರೆಗೆ ಇಂಥ ವಸ್ತು ಬಿಟ್ಟೆನೆಂದು ಮನಸ್ಸಿನಲ್ಲಿ ಹೇಳಿಕೊಳ್ಳುತ್ತಾರೆ. ಒಬ್ಬರು ಎರಡು ತಿಂಗಳು ಸಕ್ಕರೆ ಬಿಟ್ಟರೆ, ಇನ್ನೊಬ್ಬರು ಒಂದು ಹಬ್ಬದವರೆಗೆ ತುಪ್ಪ ಬಿಡುತ್ತಾರೆ. ಬಿಟ್ಟದ್ದು ಬಿಟ್ಟಿತು, ಅವಧಿ ಮುಗಿಯುವತನಕ ಅದರ ಸುದ್ದಿಯಿಲ್ಲ. ಅವರ ಹೆಂಡತಿ ಪದ್ಮಕ್ಕ ಒಳಗಿಂದಲೇ ನಕ್ಕರು: "ಬಡಿಗಿ ಬಿಡೂ ನಿಯಮ ಯಾರರ ತಗೊಂಡಾರೇನ್ರಿ?"

"ಸಕ್ಕರಿ ಬಿಡಾಕ ಬರತೈತಿ ಅಂದ್ರ ಬಡಿಗಿ ಯಾಕ ಬಿಡಾಕ ಬರೂದಿಲ್ಲ?" ಎಂದು ಅಣ್ಣಾಸಾಹೇಬರು ಎದ್ದೇಬಿಟ್ಟರು. ಬಸದಿಗೆ ನನ್ನನ್ನೂ ಕರೆದುಕೊಂಡು ಹೋದರು. ಒಳಗೆ ಹೋಗಿ ಐದು ನಿಮಿಷ ನಿಂತು ಬಂದರು. ಅಕ್ಷಯ ತದಿಗೆಯವರೆಗೆ, ಅಂದರೆ ಸುಮಾರು ಆರು ತಿಂಗಳು, ಹಳೆಯದನ್ನು ಮುಟ್ಟುವುದಿಲ್ಲ. ಮನೆಗೆ ಮರಳಿದವರು ಪದ್ಮಕ್ಕನಿಂದ ಅದನ್ನು ಒಂದು ಪಂಚೆಯಲ್ಲಿ ಸುತ್ತಿಸಿ ನನ್ನ ಕೈಗೆ ಕೊಡಿಸಿದರು.

"ಇದು ನಿಮ್ಮ ಮನ್ಯಾಗ ಇರಲಿ ಮಾಸ್ತರ. ನಾನ ಬಂದು ಕೇಳಿದ್ರೂ ಕೊಡಬ್ಯಾಡ್ರಿ. ಘಂಟಿ ಹೊಡ್ಯೂತನಕ ಹುಡುಗರನ್ನ ಹೊರಗ ಬಿಡದಾವ್ರು ನೀವು, ಅದಕ್ಕ ನಿಮ್ಮ ಹತ್ರ ಕೊಡಾಕತ್ತೇನಿ."

ಹದಿನೈದು ದಿನ ಅದು ಬಾಗಿಲ ಹಿಂದೆ ಪಂಚೆ ಹೊದ್ದು ನಿಂತಿತು. ಹದಿನಾರನೆಯ ದಿನ ಧೂಳು ಒರೆಸುವ ನೆಪದಲ್ಲಿ ಬಿಚ್ಚಿದೆ. ನಿಯಮ ಅವರದು, ನನ್ನದಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಜಮಖಾನೆಯ ಮೇಲೆ ಸ್ಟೀಲಿನ ಲೋಟ ಅಡ್ಡ ಮಲಗಿಸಿ, ಚೆಂಡಿಟ್ಟು ತಳ್ಳಿದೆ. ಟಣ್. ಮತ್ತೆ ತಳ್ಳಿದೆ. ಟಣ್. ನನ್ನ ಜನ್ಮದಲ್ಲಿ ಎರಡು ಚೆಂಡು ಸಾಲಾಗಿ ಒಳಗೆ ಹೋದದ್ದು ಅದೇ ಮೊದಲು. ಎಷ್ಟು ಹೊತ್ತು ಆಡಿದೆನೋ ತಿಳಿಯಲಿಲ್ಲ. ನಮ್ಮ ಮನೆಯವಳು ಅಡುಗೆಮನೆಯಿಂದ ಚಹ ತಂದಳು. ತಟ್ಟೆಯಲ್ಲಿ ಎರಡು ಕಪ್ಪಿದ್ದವು.

"ಎಲ್ಲಿ ಹೋದ್ರು?" ಅಂದಳು.

"ಯಾರು?"

"ಅಣ್ಣಾಸಾಹೇಬ್ರು. ಈಗ ಇಲ್ಲೇ ಕೆಮ್ಮಿದ್ರಲ್ಲ."

ಯಾರೂ ಬಂದಿಲ್ಲವೆಂದೆ. ಅವಳು ಬಾಗಿಲವರೆಗೆ ಹೋಗಿ ಚಪ್ಪಲಿ ಇವೆಯೇ ಎಂದು ನೋಡಿ ಬಂದಳು. ಆಗ ನಾನು ಕೆಳಗೆ ನೋಡಿದೆ. ನನ್ನ ಎಡಗಾಲು ಅರ್ಧ ಹೆಜ್ಜೆ ಹೊರಗಿತ್ತು. ಒಳಗೆ ಎಳೆದುಕೊಂಡೆ. ಎರಡನೆಯ ಕಪ್ಪು ಹಾಗೇ ಆರಿತು. ಅದನ್ನು ಇಬ್ಬರಲ್ಲಿ ಯಾರೂ ಕುಡಿಯಲಿಲ್ಲ.

ಅಷ್ಟಕ್ಕೇ ಬಿಡಬಹುದಿತ್ತಲ್ಲ ಅನ್ನುತ್ತೀರಿ. ಬಿಡಲಿಲ್ಲ. ದಿನಾ ಆಡಿದೆ. ಒಬ್ಬರ ಜೊತೆ ವರ್ಷಗಟ್ಟಲೆ ಆಡಿದವನಿಗೆ ಅವರ ನಡೆನುಡಿ ಹತ್ತುವುದರಲ್ಲಿ ಏನು ವಿಶೇಷ ಎಂದು ಸಮಾಧಾನ ಮಾಡಿಕೊಂಡೆ. ಆದರೆ ಸಂಜೆ ಹೊತ್ತು ಮುಳುಗುವ ಮುನ್ನವೇ ಹಸಿವಾಗತೊಡಗಿತು. ದೀಪ ಹಚ್ಚಿದ ಮೇಲೆ ತಟ್ಟೆಯ ಮುಂದೆ ಕೂತರೆ ತುತ್ತು ಗಂಟಲಲ್ಲಿ ಇಳಿಯದು. "ಲಿಂಗಾಯತರ ಮನ್ಯಾಗ ಇದ ಯಾವ ಪದ್ಧತಿ ತಂದ್ರಿ?" ಎಂದು ನಮ್ಮವಳು ಮೊದಮೊದಲು ನಗುತ್ತಿದ್ದಳು. ಆಮೇಲೆ ನಗುವುದನ್ನು ಬಿಟ್ಟು, ಐದೂವರೆಗೇ ರೊಟ್ಟಿ ಬಡಿಯತೊಡಗಿದಳು.

ಅತ್ತ ದಾನೋಳಿಯಲ್ಲಿ ರವಿವಾರದ ಆಟ ನಡೆದೇ ಇತ್ತು. ಅವರ ಕೈಯಲ್ಲಿ ಹೊಸದು, ನನ್ನ ಕೈಯಲ್ಲಿ ನನ್ನ ಮಾಮೂಲಿ ಕೋಲು. ಈಗ ಅದರಿಂದಲೂ ನನ್ನ ಚೆಂಡು ಒಳಗೆ ಹೋಗುತ್ತಿತ್ತು. ಅವರದು ಹೋಗುತ್ತಿರಲಿಲ್ಲ. ಹೊಸ ಕೋಲು ಒಗ್ಗಲು ಹೊತ್ತು ಬೇಕೆಂದು ನಾನು ದೊಡ್ಡ ಮನುಷ್ಯನ ಧಾಟಿಯಲ್ಲಿ ಧೈರ್ಯ ಹೇಳುತ್ತಿದ್ದೆ. ಒಂದು ಮಧ್ಯಾಹ್ನ ಅವರು ಚೆಂಡಿನ ಮುಂದೆ ಬಹಳ ಹೊತ್ತು ನಿಂತರು. ಆಮೇಲೆ ಕುಣಿಗೆ ಬೆನ್ನು ತಿರುಗಿಸಿ, ಕಬ್ಬಿನ ಕಡೆ ಮುಖ ಮಾಡಿದರು.

"ಯಾವ ಕಡೀಗ್ರಿ ಮಾಸ್ತರ?"

ತಮಾಷೆಯೆಂದು ನಕ್ಕೆ. ಅವರು ನಗಲಿಲ್ಲ. ನನ್ನ ಕಾಲುಗಳನ್ನೇ ನೋಡುತ್ತಿದ್ದರು. ನೋಡುತ್ತ ನೋಡುತ್ತ, ಬೇರೆಯವರ ಚೀಲದಲ್ಲಿ ತಮ್ಮ ಸಾಮಾನು ಕಂಡವರ ಹಾಗೆ ಹುಬ್ಬು ಗಂಟಿಕ್ಕಿದರು.

"ಆ ಕಾಲು ಯಾರದ್ರಿ?" ಅಂದರು.

ಕಬ್ಬಿನೊಳಗಿನ ಸಪ್ಪಳ ನಿಂತಿತು. ನಾನು ಕಾಲು ಒಳಗೆಳೆದುಕೊಂಡು, ಬಿಸಿಲು ಬಹಳವಾಯಿತು, ಒಳಗೆ ಹೋಗೋಣ ಅಂದೆ. ಮನೆಗೆ ಬಂದರೆ ಪದ್ಮಕ್ಕ ಕೀಲಿಕೈ ಗೊಂಚಲು ಹುಡುಕುತ್ತಿದ್ದರು. ಅಣ್ಣಾಸಾಹೇಬರೇ ಎಲ್ಲೋ ಇಟ್ಟು ಮರೆತಿದ್ದರಂತೆ, ಮುಂಜಾನೆಯಿಂದ ಹುಡುಕಾಟ. ನಾನು ಕಾಲು ತೊಳೆಯುತ್ತ, ಯೋಚನೆಯೇ ಮಾಡದೆ, "ಹಿಟ್ಟಿನ ಡಬ್ಬಿ ಹಿಂದ ನೋಡ್ರಿ ಪದ್ಮಕ್ಕ" ಅಂದೆ. ಕೀಲಿಕೈ ಅಲ್ಲೇ ಇದ್ದವು. ಇಷ್ಟು ವರ್ಷದಲ್ಲಿ ನಾನು ಅವರ ಅಡುಗೆಮನೆಯ ಹೊಸ್ತಿಲು ದಾಟಿದವನಲ್ಲ. ಅಲ್ಲಿ ಹಿಟ್ಟಿನ ಡಬ್ಬಿ ಎಲ್ಲಿದೆ, ಇದೆಯೋ ಇಲ್ಲವೋ, ನನಗೆ ಗೊತ್ತಿರಲು ಕಾರಣವೇ ಇಲ್ಲ. ಪದ್ಮಕ್ಕ ಗೊಂಚಲು ಕೈಯಲ್ಲಿ ಹಿಡಿದು ನನ್ನ ಮುಖ ನೋಡಿದರು.

ಮಾಘದಲ್ಲಿ ಕಬ್ಬು ಕಡಿದರು. ನಾಲ್ಕು ಗೋಡೆ ಬಿದ್ದ ಕೋಣೆಯ ಹಾಗೆ ಆ ಹುಲ್ಲಿನ ತುಂಡು ಬಯಲಲ್ಲಿ ಕೂತಿತು. ಅದಾದ ವಾರದಲ್ಲಿ ಒಂದು ಮಧ್ಯಾಹ್ನ, ನಾನು ಜಮಖಾನೆಯ ಮೇಲೆ ಆಡುತ್ತಿದ್ದಾಗಲೇ, ನಮ್ಮ ಮನೆಯ ಮುಂದೆ ಅಣ್ಣಾಸಾಹೇಬರ ಕಾರು ನಿಂತಿತು. ಗಡಬಡಿಸಿ ಕೋಲನ್ನು ಬಾಗಿಲ ಹಿಂದೆ ಇಟ್ಟು ಪಂಚೆ ಹೊದಿಸಿದೆ. ಅವರು ಬಂದು ಕೂತರು. ನೀರು ಕುಡಿದರು. ದನಿ ಸಣ್ಣದಾಗಿತ್ತು.

"ಮಾಸ್ತರ, ನನಗೇನೋ ಆಗಾಕತ್ತೈತ್ರಿ. ಹೆಸರ ಮರೀತಾವು, ಹಾದಿ ಮರೀತಾವು. ಮೊನ್ನೆ ಮಗಳ ಫೋನ ಬಂದ್ರ ಯಾರ ಅಂತ ತಿಳೀಲಿಲ್ಲ. ಹಳೇ ಬಡಿಗಿ ಕೈಯಾಗ ಬಂದ್ರ ಒಂದೀಟ ನೆನಪ ಆದೀತು ಅನಸತೈತಿ. ಕೈಗೆ ಗೊತ್ತಿರತೈತಲ್ರೀ. ಹತ್ತ ನಿಮಿಷ ಕೊಡ್ರಿ. ಇಲ್ಲೇ ಹಿಡಕೊಂಡು ಕುಂಡರತೇನಿ, ಮನೀಗೆ ಒಯ್ಯೂದಿಲ್ಲ."

ಈಗ ನಾನು ಹೇಳಿದ್ದನ್ನು ಕೇಳಿ. "ಅಣ್ಣಾಸಾಹೇಬ, ನಿಯಮ ಅಲ್ಲೇನ್ರಿ? ತದಿಗಿಗೆ ಇನ್ನ ಮೂರ ತಿಂಗಳ ಐತಿ. ಕೇಳಿದ್ರೂ ಕೊಡಬ್ಯಾಡ ಅಂತ ನೀವ ಹೇಳೀರಿ."

ಮಾತು ಸರಿಯಾಗಿತ್ತು. ಅಕ್ಷರ ತಪ್ಪಿರಲಿಲ್ಲ. ಆದರೆ ನಾನು ಕೊಡದೇ ಇದ್ದದ್ದು ನಿಯಮಕ್ಕಾಗಿ ಅಲ್ಲ. ಅವರು ಹಿಡಿದರೆ ಅದು ಮತ್ತೆ ಅವರದಾಗಿಬಿಡುತ್ತದೆ, ನನ್ನ ಚೆಂಡು ಮತ್ತೆ ಹೊಸ್ತಿಲಲ್ಲಿ ನಿಲ್ಲುತ್ತದೆ ಎಂಬ ಹೆದರಿಕೆಗೆ ಕೊಡಲಿಲ್ಲ. ಪಂಚೆಯ ಕೆಳಗೆ ನೂಲಿನ ಹಿಡಿ ನನ್ನ ಕೈಯ ಬಿಸಿ ಇನ್ನೂ ಆರದೆ ನಿಂತಿತ್ತು.

ಅವರು ಸಿಟ್ಟಾಗಲಿಲ್ಲ. ಮನೆಪಾಠ ಮಾಡದೆ ಬಂದ ಹುಡುಗನ ಹಾಗೆ ತಲೆ ತಗ್ಗಿಸಿದರು. "ಹೌದ್ರಿ. ನಿಯಮ ನಿಯಮಾನ. ನೀವು ಹೇಳೂದು ಖರೆ" ಅಂದರು. ಎದ್ದು ಹೋಗುವಾಗ ಚಪ್ಪಲಿ ಮೆಟ್ಟಲು ತಡವರಿಸಿದರು; ನಾನು ಬಗ್ಗಿ ಸರಿಮಾಡಿ ಕೊಟ್ಟೆ. ಒಳಗಿಂದ ಎಲ್ಲವನ್ನೂ ಕೇಳಿದ ನಮ್ಮವಳು ಆ ದಿನ ನನ್ನ ಜೊತೆ ಒಂದೇ ಮಾತಾಡಿದಳು. "ಕೊಡಬೇಕಿತ್ತ ನೀವು."

ಅಕ್ಷಯ ತದಿಗೆ ಬಂತು. ಆದಿನಾಥರು ವರುಷದ ಉಪವಾಸವನ್ನು ಕಬ್ಬಿನ ಹಾಲಿನಿಂದ ಬಿಟ್ಟ ದಿನವೆಂದು ಜೈನರ ಮನೆಗಳಲ್ಲಿ ಅವತ್ತು ಬಂದವರಿಗೆಲ್ಲ ಕಬ್ಬಿನ ಹಾಲು ಕೊಡುತ್ತಾರೆ. ನಾನು ಕೋಲನ್ನು ಒಗೆದ ಪಂಚೆಯಲ್ಲಿ ಸುತ್ತಿಕೊಂಡು ಮೊದಲನೆಯ ಬಸ್ಸಿಗೇ ಹೋದೆ. ಆ ಮೂರು ತಿಂಗಳಲ್ಲಿ ನಾನು ದಾನೋಳಿಗೆ ಹೋದದ್ದು ಎರಡೇ ಸಲ. ಮದುವೆ, ಮುಂಜಿ, ನನ್ನ ಹುಟ್ಟೂರು ಹಲಕರ್ಣಿಯಲ್ಲಿ ಕೆಲಸ, ಗಡಹಿಂಗ್ಲಜದ ಬೀಗರು ಎಂದು ಇಲ್ಲದ ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಅಣ್ಣಾಸಾಹೇಬರು ಪಡಸಾಲೆಯಲ್ಲಿ ಬಿಳಿ ಅಂಗಿ ತೊಟ್ಟು ಕೂತಿದ್ದರು. ನನ್ನನ್ನು ನೋಡಿ ಬಹಳ ಮರ್ಯಾದೆಯಿಂದ ಕೈ ಮುಗಿದರು. ಅಷ್ಟು ಮರ್ಯಾದೆ ನನಗೆ ಸೇರಲಿಲ್ಲ.

ಪಂಚೆ ಬಿಚ್ಚಿ ಕೋಲನ್ನು ಅವರ ಎರಡೂ ಕೈಯಲ್ಲಿಟ್ಟೆ. "ನಿಯಮ ಮುಗೀತ್ರಿ" ಅಂದೆ. ಅವರು ಹಿತ್ತಾಳೆಯ ತಲೆಯನ್ನು ತಿರುಗಿಸಿ ನೋಡಿದರು. ನೂಲನ್ನು ಮುಟ್ಟಿದರು.

"ಚೊಲೊ ಐತ್ರಿ" ಅಂದರು. "ಯಾರದಿದು? ನಿಮ್ಮದೇನು?"

ಮರಳಿ ನನ್ನ ಕೈಗೆ ಕೊಟ್ಟರು. ಪದ್ಮಕ್ಕ ಕಬ್ಬಿನ ಹಾಲಿನ ಲೋಟ ಹಿಡಿದು ನಿಂತಿದ್ದರು. ನನ್ನನ್ನು ಹಿಂದಿನ ಕಟ್ಟೆಗೆ ಕರೆದು, ಕೊಲ್ಲಾಪುರದ ಡಾಕ್ಟರು ಹೇಳಿದ್ದನ್ನು ಹೇಳಿದರು. ಮರೆವಿನ ರೋಗ, ದೀಪಾವಳಿಗೂ ಮೊದಲೇ ಹತ್ತಿತ್ತಂತೆ, ಚೆಂಡು ತಪ್ಪತೊಡಗಿದ್ದು ಅದಕ್ಕೇ ಇದ್ದೀತಂತೆ. ನಾನು ಫೆಬ್ರುವರಿಯಲ್ಲಿ ಅವರು ಬಂದದ್ದು, ಕೇಳಿದ್ದು, ನಾನು ಕೊಡದೇ ಇದ್ದದ್ದು ಎಲ್ಲ ಹೇಳಿಬಿಟ್ಟೆ. ಅವರಿಗೆ ಅದು ಗೊತ್ತಿರಲಿಲ್ಲ. ಲೋಟವನ್ನು ಕಟ್ಟೆಯ ಮೇಲಿಟ್ಟು ಹೇಳಿದರು:

"ನಿಯಮ ಬಿಡಾಕ ಬರತಿತ್ರಿ ಮಾಸ್ತರ. ಜಡ್ಡು ಆದಾವ್ರಿಗೆ ಮುನಿ ಮಹಾರಾಜರು ಪ್ರಾಯಶ್ಚಿತ್ತ ಕೊಟ್ಟು ಬಿಡಸತಾರ. ಒಂದ ಉಪವಾಸ ಮಾಡಿದ್ರ ಮುಗೀತಿತ್ತು. ನನಗ ಒಂದ ಮಾತ ಹೇಳಿದ್ರ ನಾನ ಮಾಡತಿದ್ದೆ."

ನಾನು ಕಲಿಸಿದ ಗಣಿತದಲ್ಲಿ ಹಾಗೆ ಬಿಡಿಸುವ ಉಪಾಯ ಇರಲಿಲ್ಲ. 'ನಿಯಮ' ಎಂದರೆ ಶಾಲೆಯ ನಿಯಮವೆಂದೇ ತಿಳಿದಿದ್ದೆ. ಅವರ ಧರ್ಮದ ಮೆತ್ತಗಿನ ಬಾಗಿಲು ನನಗೆ ಕಾಣಲಿಲ್ಲ. ಕಂಡಿದ್ದರೆ ತೆರೆಯುತ್ತಿದ್ದೆನೋ ಇಲ್ಲವೋ, ಅದನ್ನು ಇವತ್ತೂ ಎದೆ ಮುಟ್ಟಿ ಹೇಳಲಾರೆ. ಹತ್ತು ನಿಮಿಷ ಕೊಟ್ಟಿದ್ದರೆ ರೋಗವೇನೂ ನಿಲ್ಲುತ್ತಿರಲಿಲ್ಲವೆಂದು ಡಾಕ್ಟರು ಹೇಳಿಯಾರು. ಆ ಹತ್ತು ನಿಮಿಷ ಅವರು ಅಣ್ಣಾಸಾಹೇಬರಾಗಿ ಇರುತ್ತಿದ್ದರು. ಅಷ್ಟನ್ನು ನಾನು ಕಿತ್ತುಕೊಂಡೆ.

ಕೋಲನ್ನು ಅಲ್ಲೇ ಬಿಟ್ಟು ಬಂದೆ. ನಾಲ್ಕನೆಯ ದಿನ ಪದ್ಮಕ್ಕ ಫೋನು ಮಾಡಿ, ಒಯ್ಯಿರಿ ಅಂದರು. "ಅಂಜತಾರ್ರಿ. ಮೂಲ್ಯಾಗ ಯಾರೋ ನಿಂತಾರ, ಹೊರಗ ಕಳಸ ಅಂತಾರ. ಯಾರು ಅಂದ್ರ, ನನ್ನಂಗ ಇದ್ದಾನ ಅಂತಾರ." ಹೀಗೆ ಅದು ಮತ್ತೆ ನಮ್ಮ ಬಾಗಿಲ ಹಿಂದೆ ಬಂದು ನಿಂತಿತು.

ಅಂದಿನಿಂದ ಒಂದು ರವಿವಾರವನ್ನೂ ತಪ್ಪಿಸಿಲ್ಲ. ಹೋಗುತ್ತೇನೆ, ಅವರ ಪಕ್ಕದಲ್ಲಿ ಕೂರುತ್ತೇನೆ. ಕೆಲವು ವಾರ ನನ್ನನ್ನು ನೂಲಿನ ದಲ್ಲಾಳಿ ಅನ್ನುತ್ತಾರೆ, ಕೆಲವು ವಾರ ಬಸದಿಯಲ್ಲಿ ಪೂಜೆ ಮಾಡುವ ಉಪಾಧ್ಯಾಯರು ಅನ್ನುತ್ತಾರೆ. ಮಾಸ್ತರ ಅಂದಿಲ್ಲ. ಮೊನ್ನೆ ಕೊಲ್ಲಾಪುರದಲ್ಲಿ ಪರಿಚಯದ ವ್ಯಾಪಾರಿಯೊಬ್ಬರು, ಅವರೂ ಈ ಆಟದ ಹುಚ್ಚಿನವರೇ, ಹೊಸ ಪಟರ್ ಕೊಂಡಿದ್ದೇನೆ, ಎಷ್ಟು ದಿನ ನೋಡಲಿ ಎಂದು ನನ್ನನ್ನೇ ಕೇಳಿದರು. ನಾನು ಅದಕ್ಕೆ ಉತ್ತರ ಕೊಡದೆ, ಹಳೆಯದನ್ನು ಯಾರ ಕೈಗೂ ಕೊಡಬೇಡಿ ಎಂದಷ್ಟೇ ಹೇಳಿ ಬಂದೆ. ಅವರಿಗೆ ತಿಳಿಯಲಿಲ್ಲ.

ಈಗ ಈ ರವಿವಾರದ ಮಾತು. ತದಿಗೆಯ ನಂತರ ಮೊದಲ ಸಲ ಕೋಲನ್ನು ಕೈಯಲ್ಲಿ ಹಿಡಿದುಕೊಂಡೇ ದಾನೋಳಿಗೆ ಹೋಗಿದ್ದೆ. ಯಾಕೆಂದು ಕೇಳಬೇಡಿ, ಕೊಡಲಾಗದಿದ್ದರೂ ತೋರಿಸಬೇಕು ಅನ್ನಿಸಿತು. ಹುಲ್ಲನ್ನು ಪದ್ಮಕ್ಕ ಆಳಿನ ಕೈಯಲ್ಲಿ ಕತ್ತರಿಸಿಟ್ಟಿದ್ದರು. ಕಬ್ಬು ಮತ್ತೆ ಆಳೆತ್ತರವಾಗಿತ್ತು. ಅಣ್ಣಾಸಾಹೇಬರನ್ನು ಕರೆತಂದು ಹುಲ್ಲಿನ ಅಂಚಿನಲ್ಲಿ ಕುರ್ಚಿಯ ಮೇಲೆ ಕೂರಿಸಿದರು. ಪಕ್ಕದಲ್ಲಿ ಇನ್ನೊಂದು ಕುರ್ಚಿ ನನಗೆಂದು ಇತ್ತು. ನಾನು ಅವರಿಗೆ ಬೆನ್ನು ಮಾಡಿ ನಿಂತು, ಚೆಂಡಿಟ್ಟು, ತಳ್ಳಿದೆ. ಡಬ್ಬಿ ಟಣ್ಣೆಂದಿತು.

ಹಿಂದಿನಿಂದ ಅವರ ದನಿ ಕೇಳಿಸಿತು. ತಿಂಗಳುಗಳಿಂದ ಕೇಳದ, ಹಳೆಯ, ಗಟ್ಟಿ ದನಿ.

"ಏ ಪದ್ಮಾ, ಇಲ್ನೋಡ. ಅಣ್ಣಾಸಾಹೇಬ ಬಂದಾನ. ಭಾಳ ದಿನಾ ಆಗಿತ್ತು ಇವನ್ನ ನೋಡಿ."

ನಾನು ತಿರುಗಲಿಲ್ಲ. ತಿರುಗಿದರೆ ಅವರಿಗೆ ಬೇರೆಯವನ ಮುಖ ಕಂಡೀತು; ಆ ಒಂದು ದನಿ ಹೋಗಿಬಿಟ್ಟೀತು. ನೆಲ ನೋಡುತ್ತ ನಿಂತೆ.

"ಅಣ್ಣಾ," ಎಂದು ಅವರು ನನ್ನನ್ನು ಕರೆದರು, "ಮಾಸ್ತರ ಬಂದಿಲ್ಲೇನ ಇವತ್ತ?"

"ಬರತಾರ್ರಿ" ಅಂದೆ. "ಹಾದ್ಯಾಗ ಅದಾರ."

"ಬರಲಿ ಬರಲಿ. ನಂದೊಂದ ವಸ್ತು ಅವರ ಹತ್ರ ಐತಿ. ತದಿಗಿಗೆ ತಂದ ಕೊಡತೇನಿ ಅಂದಾರ. ಮಾತಿಗೆ ತಪ್ಪೂ ಪೈಕಿ ಅಲ್ಲ ಅವರು."

ಅವರು ಕುರ್ಚಿಯನ್ನು ಎಳೆದು, ಕಬ್ಬಿನ ನಡುವಿನ ಕಾಲುದಾರಿಯ ಕಡೆ ತಿರುಗಿಸಿಕೊಳ್ಳುವ ಸಪ್ಪಳ ಕೇಳಿಸಿತು. ಪ್ರತಿ ರವಿವಾರ ನಾನು ಬಸ್ಸಿಳಿದು ಬರುತ್ತಿದ್ದ ದಾರಿ ಅದು. ಬಹಳ ಹೊತ್ತಾದ ಮೇಲೆ ಕೋಲನ್ನು ಹುಲ್ಲಿನ ಮೇಲೆ ಮಲಗಿಸಿ, ಸದ್ದು ಮಾಡದೆ ಹೋಗಿ ಅವರ ಪಕ್ಕದ ಕುರ್ಚಿಯಲ್ಲಿ ಕೂತೆ. ಅವರು ನನ್ನತ್ತ ನೋಡಲಿಲ್ಲ. ಹೊತ್ತು ಇಳಿಯುವವರೆಗೂ ಅವರು ಆ ದಾರಿಯನ್ನೇ ನೋಡುತ್ತ ನನಗಾಗಿ ಕಾದರು, ನಾನೂ ಕಾದೆ.